ಉಪ್ಪಿನ ಗಂಟೆಯ ಗುಡ್ಡ

ಗುರ್ಬಾರ್ಧ ಎಂಬ ಊರಿನ ನೆತ್ತಿಯ ಮೇಲೆ, ಕೆಳಗಿನ ನದಿಗೆ ಮುಖ ಮಾಡಿ ನಿಂತಿರುವ ಗುಡ್ಡವನ್ನು ಅಲ್ಲಿಯ ಜನ ಉಪ್ಪಿನ ಗಂಟೆಯ ಗುಡ್ಡ ಎಂದು ಕರೆಯುತ್ತಾರೆ. ಇದು ಅಲ್ಬೇನಿಯಾ ದೇಶದ ಉತ್ತರದ ಕಡೆ ಇರುವ ಕುರಿಗಾಹಿಗಳ ಊರು. ಹೆಸರು ಅವರ ಭಾಷೆಯಲ್ಲಿದೆ. ನಾನು ಅದರ ಅರ್ಥವನ್ನಷ್ಟೇ ಕನ್ನಡಕ್ಕೆ ತಂದಿದ್ದೇನೆ. ಗುಡ್ಡ ಎಂದ ಕೂಡಲೇ ಓದುವವರು ನಮ್ಮ ಕಡೆಯ ಕುರುಚಲು ಗಿಡಗಳ ಕೆಂಪು ಗುಡ್ಡವನ್ನು ಕಣ್ಣಮುಂದೆ ತಂದುಕೊಳ್ಳಬಾರದು. ಇದು ಸುಣ್ಣದ ಕಲ್ಲಿನ ಬಿಳಿಯ ಗುಡ್ಡ. ಚಳಿಗಾಲದಲ್ಲಿ ಹಿಮ ಬಿದ್ದರೆ ಎಲ್ಲಿ ಕಲ್ಲು ಮುಗಿಯಿತು, ಎಲ್ಲಿ ಹಿಮ ಶುರುವಾಯಿತು ಎಂದು ಗೊತ್ತಾಗುವುದಿಲ್ಲ. ತುದಿಯಲ್ಲಿ ಕೆಂಪು ಹಂಚಿನ ಒಂದು ಸಣ್ಣ ಚರ್ಚು ಇದೆ. ಅದರ ಪಕ್ಕದಲ್ಲಿ ಕಲ್ಲಿನ ಗಂಟೆಗೋಪುರ. ಗೋಪುರದೊಳಗೆ ನಿಂತು ತಲೆ ಎತ್ತಿ ನೋಡಿದರೆ ಒಂದು ಕಬ್ಬಿಣದ ಕೊಕ್ಕೆ ಕಾಣುತ್ತದೆ, ಗಂಟೆ ಮಾತ್ರ ಕಾಣುವುದಿಲ್ಲ. ಚರ್ಚಿನ ಬಾಗಿಲಿನ ಎದುರು, ಹೊರಗೆ, ಹುಲ್ಲಿನ ಮೇಲೆ ಒಂದು ದೊಡ್ಡ ಚಪ್ಪಟೆ ಕಲ್ಲು ಸ್ವಲ್ಪ ಓರೆಯಾಗಿ ಬಿದ್ದಿದೆ. ಅದರ ಮೇಲೆಲ್ಲ ನಯವಾದ ತಗ್ಗುಗಳು. ಹಳೆಯ ಒರಳಿನ ಗುಂಡಿ ಹೇಗೆ ನುಣುಪಾಗಿರುತ್ತದೆಯೋ ಹಾಗೆ, ಆದರೆ ಅಷ್ಟು ಆಳವಿಲ್ಲ.

ಇಲ್ಲಿಗೆ ಬಂದವರೆಲ್ಲ ಮೊದಲು ಕೇಳುವುದು ಒಂದೇ ಮಾತು: ಗಂಟೆ ಎಲ್ಲಿ, ಉಪ್ಪಿನಿಂದ ಮಾಡಿದ್ದಕ್ಕೆ ಕರಗಿ ಹೋಯಿತೇ? ಊರಿನ ದವಾಖಾನೆಯಲ್ಲಿ ಕೆಲಸ ಮಾಡಲು ಬಂದ ಹೊಸದರಲ್ಲಿ ನಾನೂ ಹಾಗೆಯೇ ಕೇಳಿದ್ದೆ. ಉಪ್ಪಿನಿಂದ ಗಂಟೆ ಮಾಡಲು ಬರುವುದಿಲ್ಲ ಎಂಬುದನ್ನು ನಾನು ವಿವರಿಸಬೇಕಾಗಿಲ್ಲ. ಈ ಹೆಸರು ಬಂದ ಬಗೆಯನ್ನು ನನಗೆ ಹೇಳಿದವರು ಮ್ರೀಕ ಎಂಬ ಅಜ್ಜಿ. ಇವರು ಆ ಊರಿನ ಕಮ್ಮಾರ ತೂಶನ ಮಗಳು. ಈ ಕಥೆಯಲ್ಲಿ ಕಮ್ಮಾರನೂ ಬರುವುದರಿಂದ ಈಗಲೇ ಹೇಳಿಬಿಟ್ಟೆ. ಊರಿನ ಬೇರೆ ಹಿರಿಯರು ಅಲ್ಲೊಂದು ಇಲ್ಲೊಂದು ಮಾತನ್ನು ಬೇರೆಯಾಗಿ ಹೇಳುತ್ತಾರೆ. ಅಂಥ ಕಡೆಗಳಲ್ಲಿ ಅದನ್ನು ಮುಚ್ಚಿಡದೆ ಬರೆದಿದ್ದೇನೆ.

ಹಿಂದೆ ಒಮ್ಮೆ, ಈಗಿನ ಯಾರ ಮುತ್ತಜ್ಜನೂ ಹುಟ್ಟಿರದ ಕಾಲದಲ್ಲಿ, ಈ ಊರಿಗೆ ಚರ್ಚು ಇತ್ತು, ಗಂಟೆ ಇರಲಿಲ್ಲ. ಗಂಟೆ ಎರಕ ಹೊಯ್ಯುವವನು ಕರಾವಳಿಯಿಂದ ಬಂದು, ಲೋಹ ನೀವು ಕೊಟ್ಟರೆ ಗಂಟೆ ನಾನು ಕೊಡುತ್ತೇನೆ ಎಂದನಂತೆ. ಬಡ ಊರು. ಆಗ ಹೆಂಗಸರು ಒಬ್ಬೊಬ್ಬರಾಗಿ ತಮ್ಮ ತಾಮ್ರದ ಪಾತ್ರೆಗಳನ್ನು ತಂದು ಕುಲುಮೆಯ ಮುಂದೆ ಇಟ್ಟರು. ಒಬ್ಬಳು ಹಾಲು ಕಾಯಿಸುವ ಪಾತ್ರೆ ತಂದಳು, ಒಬ್ಬಳು ತವರಿನಿಂದ ಬಂದ ಕೊಡ ತಂದಳು, ಒಬ್ಬಳು ಮಗುವಿಗೆ ಸ್ನಾನ ಮಾಡಿಸುವ ಬೋಗುಣಿ ತಂದಳು ಎನ್ನುತ್ತಾರೆ. ಹೀಗೆ ಆ ಗಂಟೆಯಲ್ಲಿ ಪ್ರತಿ ಮನೆಯ ಪಾಲೂ ಇತ್ತು. ಆ ಗಂಟೆ ಮೂರು ಕೆಲಸ ಮಾಡುತ್ತಿತ್ತು. ಭಾನುವಾರ ಬಲಿಪೂಜೆಗೆ, ಅಂದರೆ ಚರ್ಚಿನ ಪ್ರಾರ್ಥನೆಗೆ, ಕರೆಯುತ್ತಿತ್ತು. ಮಗುವಿನ ತಲೆಗೆ ನೀರು ಹೊಯ್ದು ಚರ್ಚಿಗೆ ಸೇರಿಸುವ ಜ್ಞಾನಸ್ನಾನವಾದಾಗ ಊರಿಗೆ ತಿಳಿಸುತ್ತಿತ್ತು. ಯಾರಾದರೂ ಸಾಯುವ ಹೊತ್ತಿನಲ್ಲಿ, ಅವರು ಒಬ್ಬರೇ ಹೋಗುತ್ತಿಲ್ಲ ಎಂದು ಅವರಿಗೆ ಕೇಳುವಂತೆ ಬಾರಿಸುತ್ತಿತ್ತು. ಸತ್ತ ಮೇಲಲ್ಲ, ಸಾಯುವ ಮುಂಚೆ. ಇದು ಆ ಊರಿನದೇ ಪದ್ಧತಿ. ಮುಂದೆ ಇದು ಬೇಕಾಗುತ್ತದೆ.

ಇನ್ನು ನಮ್ಮ ಕಾಲಕ್ಕೆ ಸ್ವಲ್ಪ ಹತ್ತಿರ ಬರುತ್ತೇನೆ. ಆ ದೇಶವನ್ನು ಕಮ್ಯುನಿಸ್ಟರು ಆಳುತ್ತಿದ್ದರು. ಅರವತ್ತರ ದಶಕದ ಕೊನೆಯ ಹೊತ್ತಿಗೆ ಅವರು ದೇವರ ಪೂಜೆಯನ್ನೇ ನಿಷೇಧಿಸಿದರು. ಚರ್ಚು, ಮಸೀದಿ ಎಲ್ಲಕ್ಕೂ ಬೀಗ ಬಿತ್ತು. ಕೆಲವನ್ನು ಉಗ್ರಾಣ ಮಾಡಿದರು, ಕೆಲವನ್ನು ಕೆಡವಿದರು. ಮಗುವಿಗೆ ಸಂತರ ಹೆಸರಿಡುವುದು ತಪ್ಪಾಯಿತು, ಮನೆಯಲ್ಲಿ ಶಿಲುಬೆ ಇಡುವುದು ತಪ್ಪಾಯಿತು. ಗುರ್ಬಾರ್ಧದ ಗುರುಗಳಾಗಿದ್ದವರು ಡೋಮ್ ಪ್ರೆಂಗ್. ಡೋಮ್ ಎಂದರೆ ನಮ್ಮಲ್ಲಿ ಫಾದರ್ ಎನ್ನುತ್ತೇವಲ್ಲ, ಅದು. ಅವರು ಆ ಊರಿನವರೇ. ಅವರ ಅಕ್ಕ ದ್ರಾನೆ ಮದುವೆಯಾಗಿರಲಿಲ್ಲ. ಚರ್ಚಿನ ಕಸ ಗುಡಿಸುವುದು, ಗಂಟೆಯ ಹಗ್ಗ ಎಳೆಯುವುದು ಅವಳ ಕೆಲಸವಾಗಿತ್ತು. ಗುರುಗಳನ್ನು ಬಂಧಿಸಲು ಪೊಲೀಸರು ಬಂದ ದಿನ ದ್ರಾನೆ ಜೋಳದ ರೊಟ್ಟಿ ಕಟ್ಟಿಕೊಟ್ಟು, ಜೀಪಿನವರೆಗೂ ನಡೆದಳು.

“ಅಕ್ಕಾ, ಗಂಟೆ ನಿಲ್ಲಿಸಬೇಡ,” ಎಂದರು ಡೋಮ್ ಪ್ರೆಂಗ್.

“ಎಲ್ಲಿಯವರೆಗೆ?”

“ನಾನು ಬರುವವರೆಗೆ.”

“ಹಾಗಾದರೆ ಬೇಗ ಬಾ. ನನಗೂ ತೋಳು ನೋಯುತ್ತೆ,” ಎಂದಳಂತೆ ದ್ರಾನೆ. ಪೊಲೀಸರಲ್ಲೊಬ್ಬ ನಕ್ಕನಂತೆ. ಆ ಮಲೆಗಳಲ್ಲಿ ಕೊಟ್ಟ ಮಾತಿಗೆ ಎಷ್ಟು ಬೆಲೆ ಎಂದರೆ, ಮಾತು ತಪ್ಪಿದವನ ಮನೆಯಲ್ಲಿ ಯಾರೂ ನೀರು ಕುಡಿಯುವುದಿಲ್ಲ. ದ್ರಾನೆ ನಗೆಯಾಡಿದಳೆಂದು ಅವಳು ಕೊಟ್ಟ ಮಾತನ್ನು ಹಗುರವಾಗಿ ತಿಳಿಯಬಾರದು ಎಂಬುದಕ್ಕೆ ಇದನ್ನು ಹೇಳಿದೆ.

ಡೋಮ್ ಪ್ರೆಂಗರನ್ನು ನದಿಯ ಆಚೆಯ ತಾಮ್ರದ ಗಣಿಗೆ ಕೈದಿಯಾಗಿ ದುಡಿಯಲು ಕಳಿಸಿದರು. ಆಮೇಲೆ ಚರ್ಚನ್ನು ಕೆಡವಲು ಜನ ಬಂದರು. ಕೆಡವಿಸಿದವನು ಹೊರಗಿನವನಲ್ಲ. ಊರಿನ ಕುರಿ, ಹೊಲ ಎಲ್ಲವನ್ನೂ ಒಟ್ಟುಗೂಡಿಸಿ ಮಾಡಿದ್ದ ಸಾಮೂಹಿಕ ಸಂಘದ ಅಧ್ಯಕ್ಷ ಪ್ಯೆತರ್. ಅದೇ ಚರ್ಚಿನಲ್ಲಿ ಜ್ಞಾನಸ್ನಾನ ಪಡೆದವನು. ಗೋಡೆಯ ಕಲ್ಲುಗಳು ಸಂಘದ ಕೊಟ್ಟಿಗೆಗೆ ಹೋದವು. ಬಲಿಪೀಠದ ಕಲ್ಲನ್ನು, ಅಂದರೆ ಗುರುಗಳು ಪೂಜೆ ಅರ್ಪಿಸುತ್ತಿದ್ದ ಆ ಚಪ್ಪಟೆ ಹಾಸುಗಲ್ಲನ್ನು, ಸುತ್ತಿಗೆಯಿಂದ ಒಡೆಯಲು ನೋಡಿದರು. ಅದು ಒಡೆಯಲಿಲ್ಲ. ಹೊರಗೆ ತಂದು ಹುಲ್ಲಿನ ಮೇಲೆ ಉರುಳಿಸಿ ಬಿಟ್ಟರು. ಗಂಟೆಯನ್ನು ಇಳಿಸಿದರು, ಆದರೆ ಅದನ್ನು ಜಿಲ್ಲೆಗೆ ಒಯ್ಯಬೇಕಾದ ಲಾರಿ ಮರದ ಸೇತುವೆ ದಾಟಲು ಹೆದರಿ ಹಿಂದಕ್ಕೆ ಹೋಯಿತು. ಆಗ ಪ್ಯೆತರ್ ಊರಿನ ಸಭೆ ಕರೆದು, ತಾನೇ ಬಹಳ ಮೆಚ್ಚಿಕೊಂಡ ಒಂದು ಮಾತು ಹೇಳಿದ.

“ಸಂಘದ ಕುರಿಗಳಿಗೆ ಕೊರಳಗಂಟೆ ಸಾಲದು. ಈ ಗಂಟೆ ಇಷ್ಟು ಕಾಲ ಇಲ್ಲದ ದೇವರಿಗೆ ಬಾರಿಸಿತು. ಇನ್ನು ಮೇಲೆ ಇರುವ ಕುರಿಗಳಿಗೆ ಬಾರಿಸಲಿ. ತೂಶ್, ಇದನ್ನು ಒಡೆದು ಕರಗಿಸು. ಮತ್ತೆ ಈ ದ್ರಾನೆಗೆ ಗಂಟೆ ಎಂದರೆ ಪ್ರಾಣ ತಾನೆ? ಅವಳೇ ಕುರಿ ಕಾಯಲಿ.”

ಜಿಲ್ಲೆಯಿಂದ ಬಂದಿದ್ದವರು ಚಪ್ಪಾಳೆ ತಟ್ಟಿದರು. ದ್ರಾನೆ ತಲೆ ತಗ್ಗಿಸಿ ನಿಂತಿದ್ದಳು. ಅವಮಾನದಿಂದ ಎಂದು ಎಲ್ಲರೂ ತಿಳಿದರು. “ನೆಲದ ಮೇಲೆ ಕೂತಿದ್ದ ಅಪ್ಪ ಮಾತ್ರ ಅವಳ ಮುಖವನ್ನು ಕೆಳಗಿನಿಂದ ನೋಡಿದ, ಅವಳು ನಗು ತಡೆಯುತ್ತಿದ್ದಳು,” ಎಂದು ಮ್ರೀಕಜ್ಜಿ ಹೇಳುತ್ತಾರೆ.

ಇಲ್ಲಿ ಕುರಿಯ ಗಂಟೆಯ ವಿಷಯವನ್ನು ಬಿಡಿಸಿ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ನಮ್ಮ ಕುರುಬರೂ ಕುರಿಗೆ ಗಂಟೆ ಕಟ್ಟುತ್ತಾರೆ. ಆದರೆ ಈ ಮಲೆಯವರು ಹಿಂಡಿನ ಗಂಟೆಗಳನ್ನು ಒಂದಕ್ಕೊಂದು ಸ್ವರ ಕೂಡುವಂತೆ ಮಾಡಿಸುತ್ತಾರೆ. ಮುಂದಾಳು ಟಗರಿಗೆ ದೊಡ್ಡದು, ಹಾಲು ಕೊಡುವ ಕುರಿಗಳಿಗೆ ಅದಕ್ಕಿಂತ ಚಿಕ್ಕದು, ತುಂಟ ಕುರಿಗೆ ತೀರಾ ಚುರುಕು ದನಿಯದು. ಮಂಜು ಕವಿದು ಕೈಗೆ ಕೈ ಕಾಣದಾಗ ಕಾಯುವವನು ಕಿವಿಯಿಂದಲೇ ಹಿಂಡನ್ನು ಎಣಿಸುತ್ತಾನೆ. ತೂಶ್ ಆ ಬೇಸಿಗೆಯೆಲ್ಲ ಕುಲುಮೆಯ ಮುಂದೆ ಕೂತು ಚರ್ಚಿನ ಗಂಟೆಯನ್ನು ಕುರಿಗಂಟೆಗಳಾಗಿ ಎರೆದ. ಒಂದು ಚೂರನ್ನೂ ಬೇರೆ ಲೋಹಕ್ಕೆ ಬೆರೆಸಲಿಲ್ಲ. ಒಂದೊಂದನ್ನೂ ಕಿವಿಯ ಹತ್ತಿರ ಹಿಡಿದು, ಅರದಿಂದ ಉಜ್ಜಿ, ಮತ್ತೆ ಹಿಡಿದು ಕೇಳುತ್ತಿದ್ದ. ಎಲ್ಲ ಒಟ್ಟಿಗೆ ಅಲುಗಿದರೆ ಹಳೆಯ ಗಂಟೆ ಬಾರಿಸಿ ನಿಂತ ಮೇಲೆ ಉಳಿಯುತ್ತಿದ್ದ ಗುಂಯ್‌ಗುಡುವಿಕೆ ಬರಬೇಕೆಂಬುದು ಅವನ ಲೆಕ್ಕವಾಗಿತ್ತು. ಸಣ್ಣ ಗಂಟೆಗಳಿಗೆ ದೊಡ್ಡ ಗಂಟೆಯ ದನಿ ಹೇಗೆ ಬಂದೀತು ಎಂದು ನೀವು ಕೇಳಬಹುದು. ಬರುವುದಿಲ್ಲ. ಆದರೆ ಊರಿನವರಿಗೆ ಅದು ಸಾಕಾಯಿತು.

ಇನ್ನು ಉಪ್ಪು. ಕುರಿಗೆ ಉಪ್ಪು ಬೇಕು. ಉಪ್ಪಿಲ್ಲದಿದ್ದರೆ ಹಾಲು ಇಳಿಯುತ್ತದೆ. ಅದಕ್ಕಾಗಿ ವಾರಕ್ಕೊಮ್ಮೆ ಚಪ್ಪಟೆ ಕಲ್ಲಿನ ಮೇಲೆ ಹರಳುಪ್ಪು ಹರಡಿ ಕೂಗು ಹಾಕುತ್ತಾರೆ. ಗುಡ್ಡದ ಮೂಲೆ ಮೂಲೆಯಲ್ಲಿ ಮೇಯುತ್ತಿರುವ ಕುರಿಗಳು ಆ ಕೂಗು ಕೇಳಿದರೆ ಹುಲ್ಲು ಬಿಟ್ಟು, ಮರಿ ಬಿಟ್ಟು ಓಡಿ ಬರುತ್ತವೆ. ಬೇರೆ ಹೊತ್ತಿನಲ್ಲಿ ಕುರಿಗಂಟೆ ಅಲ್ಲೊಂದು ಇಲ್ಲೊಂದು ಟಣ್ ಎನ್ನುತ್ತದೆ. ಉಪ್ಪಿಗೆ ಓಡುವಾಗ ಮಾತ್ರ ಎಲ್ಲ ಗಂಟೆಗಳೂ ಒಮ್ಮೆಲೇ ಬಾರಿಸುತ್ತವೆ. ಗುಡ್ಡದ ಮೇಲೆ ಆಗ ಉಳಿದಿದ್ದ ಚಪ್ಪಟೆ ಕಲ್ಲು ಯಾವುದು ಎಂದು ಮತ್ತೆ ಹೇಳಬೇಕಾಗಿಲ್ಲ. ಅದರ ಮೇಲೆ ಉಪ್ಪು ಹಾಕಲು ದ್ರಾನೆಯೂ ಮೊದಲು ಹಿಂಜರಿದಳಂತೆ, ಅದು ಬಲಿಪೀಠವಲ್ಲವೇ. ಆದರೆ ಹಳೆಯ ಕ್ರಮದಲ್ಲಿ ಜ್ಞಾನಸ್ನಾನದ ದಿನ ಗುರುಗಳು ಮಗುವಿನ ನಾಲಿಗೆಯ ಮೇಲೆ ಒಂದು ಹರಳು ಉಪ್ಪು ಇಡುತ್ತಿದ್ದರು. “ನಮ್ಮೆಲ್ಲರ ನಾಲಿಗೆಗೂ ಇದರ ಮುಂದೆಯೇ ಉಪ್ಪು ಬಿತ್ತು. ಕುರಿಗಳು ನಮಗಿಂತ ಏನು ಕಡಿಮೆ?” ಎಂದುಕೊಂಡು ಅವಳು ಒಂದು ಭಾನುವಾರ ಬೆಳಿಗ್ಗೆ, ಹಿಂದೆ ಪೂಜೆಗೆ ಗಂಟೆ ಬಾರಿಸುತ್ತಿದ್ದ ಹೊತ್ತಿಗೆ ಸರಿಯಾಗಿ, ಕಲ್ಲಿನ ಮೇಲೆ ಉಪ್ಪು ಹರಡಿ ಕೂಗಿದಳು.

ಕೆಳಗೆ ಹೊಲದಲ್ಲಿ ಜನ ಜೋಳದ ಕಳೆ ತೆಗೆಯುತ್ತಿದ್ದರು. ಗುಡ್ಡದ ಮೇಲಿನಿಂದ ದನಿ ಇಳಿದು ಬಂತು. ಗಂಡಸರು ಟೋಪಿ ತೆಗೆದರು, ಹೆಂಗಸರು ಕೈಯಲ್ಲಿದ್ದ ಕುಡುಗೋಲು ಕೆಳಗಿಟ್ಟರು, ದನಿ ನಿಲ್ಲುವವರೆಗೆ ನಿಂತರು, ಮತ್ತೆ ಬಗ್ಗಿದರು. ಹೀಗೆಯೇ ಬಹಳ ಭಾನುವಾರಗಳು ನಡೆದವು. ಪ್ಯೆತರನಿಗೆ ಇದು ಗೊತ್ತಾದದ್ದು ಕಿವಿಯಿಂದಲ್ಲ, ಕಣ್ಣಿನಿಂದ. ಆ ಕಡೆಯ ಗಂಡಸರು ಬಿಳಿಯ ಉಣ್ಣೆಯ ಟೋಪಿ ಹಾಕುತ್ತಾರೆ. ಒಂದು ಭಾನುವಾರ ಅವನು ಕಚೇರಿಯ ಕಿಟಕಿಯಲ್ಲಿ ನಿಂತು ನೋಡುತ್ತಿದ್ದಾಗ ಹೊಲದ ತುಂಬ ಇದ್ದ ಬಿಳಿ ಚುಕ್ಕೆಗಳೆಲ್ಲ ಒಮ್ಮೆಲೇ ಮಾಯವಾದವು. ದ್ರಾನೆಯನ್ನು ಕರೆಸಿದ.

“ದ್ರಾನೆ, ಕುರಿಗಳಿಗೆ ಭಾನುವಾರವೇ ಯಾಕೆ ಉಪ್ಪು ಹಾಕುತ್ತೀಯ?”

“ಒಂದು ದಿನ ಹಾಕಬೇಕಲ್ಲ ಕಾಮ್ರೇಡ್ ಅಧ್ಯಕ್ಷರೇ. ಭಾನುವಾರ ನನಗಿದ್ದ ಬೇರೆ ಕೆಲಸವನ್ನು ನೀವೇ ತೆಗೆದುಹಾಕಿದ್ದೀರಿ.”

“ಜನ ಯಾಕೆ ಟೋಪಿ ತೆಗೆಯುತ್ತಾರೆ?”

“ಸೆಕೆ.”

“ನನ್ನನ್ನು ಏನೆಂದು ತಿಳಿದಿದ್ದೀಯ?”

“ಪ್ಯೆತರ್ ಎಂದು ತಿಳಿದಿದ್ದೇನೆ. ನಿನ್ನ ನಾಲಿಗೆಗೆ ಉಪ್ಪಿಟ್ಟ ದಿನ ಹಗ್ಗ ಎಳೆದವಳು ನಾನು. ಗಂಟೆಗಿಂತ ಜೋರಾಗಿ ಅತ್ತಿದ್ದೆ ನೀನು.”

ಅವನು ಸಿಟ್ಟಿನಿಂದ ಕುರಿಗಳ ಗಂಟೆಗಳನ್ನೆಲ್ಲ ಬಿಚ್ಚಿಸಿದ. ಆ ತಿಂಗಳಲ್ಲಿಯೇ ಮಂಜು ಇಳಿಯಿತು. ಗಂಟೆಯಿಲ್ಲದ ಹಿಂಡು ಮಂಜಿನಲ್ಲಿ ಚೆದುರಿತು. ಕೆಲವು ಕಣಿವೆಗೆ ಬಿದ್ದವು, ಕೆಲವನ್ನು ತೋಳ ತಿಂದಿತು. ಸಂಘದ ಕುರಿ ಸತ್ತರೆ ಜಿಲ್ಲೆಯವರು ಕೇಳುವುದು ಅಧ್ಯಕ್ಷನನ್ನು. ರಾಜ್ಯದ ಸ್ವತ್ತನ್ನು ಬೇಕೆಂದೇ ಹಾಳು ಮಾಡಿದ ಎಂಬ ಆಪಾದನೆ ಬಂದರೆ ಅವನೂ ಗಣಿಗೇ ಹೋಗಬೇಕು. ಗಂಟೆಗಳು ಮತ್ತೆ ಕೊರಳಿಗೆ ಬಂದವು. ಆಗ ಅವನು ಭಾನುವಾರ ಉಪ್ಪು ಹಾಕಬಾರದು, ಮಂಗಳವಾರ ಹಾಕಬೇಕು ಎಂದ. ದ್ರಾನೆ ತಲೆಯಾಡಿಸಿ ಹೋದಳು, ಮಂಗಳವಾರವೇ ಹಾಕಿದಳು. ಮಂಗಳವಾರ ಹೊಲದ ಬಿಳಿ ಚುಕ್ಕೆಗಳು ಮಾಯವಾದವು. ಊರಿನವರು ಸುಮ್ಮನೆ ಮಂಗಳವಾರವನ್ನು ಭಾನುವಾರ ಮಾಡಿಕೊಂಡಿದ್ದರು. ಅವನು ಗುರುವಾರ ಎಂದ, ಗುರುವಾರ ಭಾನುವಾರವಾಯಿತು. ಯಾವಾಗಲೂ ಭಾನುವಾರವೇ ಬರುವ ಈಸ್ಟರ್ ಹಬ್ಬ ಆ ವರ್ಷ ಬುಧವಾರ ಬಂತು ಎಂದು ಊರಿನವರು ಈಗಲೂ ನಕ್ಕು ಹೇಳುತ್ತಾರೆ. ಬೇರೆ ಜಾಗದಲ್ಲಿ ಉಪ್ಪು ಹಾಕಿಸಿ ನೋಡಿದ. ಕುರಿಗಳು ಅದನ್ನು ನೆಕ್ಕಿ ಮುಗಿಸಿ, ವರ್ಷಗಳ ಉಪ್ಪು ಹೀರಿಕೊಂಡಿದ್ದ ಆ ಹಳೆಯ ಕಲ್ಲಿಗೇ ಓಡಿದವು.

“ಎಲ್ಲ ದಿನವನ್ನೂ ಒಂದು ಸುತ್ತು ಮುಗಿಸಿಬಿಡು ಪ್ಯೆತರ್,” ಎಂದು ದಾರಿಯಲ್ಲಿ ಸಿಕ್ಕಾಗ ಕಮ್ಮಾರ ತೂಶ್ ಅಂದನಂತೆ. “ನಮ್ಮಜ್ಜನ ಕಾಲದಲ್ಲಿ ವಾರಕ್ಕೆ ಒಂದೇ ಭಾನುವಾರ ಇತ್ತು, ಪಾಪ.”

ಕೊನೆಗೆ ಪ್ಯೆತರ್ ಉಪ್ಪಿನ ಚೀಲಗಳನ್ನೇ ತನ್ನ ಕಚೇರಿಗೆ ತರಿಸಿ ಬೀಗ ಹಾಕಿ, ಬೀಗದ ಕೈಯನ್ನು ಕೊರಳಿಗೆ ಕಟ್ಟಿಕೊಂಡ. ತಾನು ಹೇಳಿದಾಗ, ತಾನು ಕೊಟ್ಟಷ್ಟು ಮಾತ್ರ. ಅದೂ ಕೊಟ್ಟಿಗೆಯೊಳಗೆ, ಒಂದೊಂದೇ ಕುರಿಗೆ, ಅಂಗೈಯಲ್ಲಿ. ಕುರಿಗಳು ಓಡುವಂತಿರಲಿಲ್ಲ, ಗಂಟೆಗಳು ಕೂಡುವಂತಿರಲಿಲ್ಲ. ಗುಡ್ಡ ಮೌನವಾಯಿತು. ಮತ್ತೆ ಆ ಕಲ್ಲಿನ ಹತ್ತಿರ ಕಂಡರೆ ನಿನ್ನನ್ನೂ ತಮ್ಮನ ಹಾದಿಗೇ ಕಳಿಸುತ್ತೇನೆ ಎಂದು ಅವಳಿಗೆ ಹೇಳಿದ. ತಮ್ಮನಿಗೆ ಕೊಟ್ಟ ಮಾತು ಮುರಿಯಿತೆಂದು ದ್ರಾನೆ ಕೆಲವು ದಿನ ಊಟ ಬಿಟ್ಟಳು ಎನ್ನುತ್ತಾರೆ. ಆದರೆ ಅವನೆದುರು ಹಾಗೆ ತೋರಿಸಿಕೊಳ್ಳಲಿಲ್ಲ. “ಒಳ್ಳೆಯದಾಯಿತು,” ಎಂದಳಂತೆ. “ಗಂಟೆಯ ಹಗ್ಗ ನನ್ನ ಕೈಯಲ್ಲಿತ್ತು, ಈಗ ನಿನ್ನ ಕೊರಳಲ್ಲಿದೆ. ಬಾರಿಸುವವನು ನೀನೇ ಆದೆ. ಯಾವಾಗ ಬಾರಿಸುತ್ತೀಯೋ ನೋಡೋಣ.”

ಮುಂದಿನ ವಸಂತದಲ್ಲಿ ಪ್ಯೆತರನ ತಾಯಿ ಹಾಸಿಗೆ ಹಿಡಿದಳು. ಬದುಕುವುದಿಲ್ಲ ಎಂದು ಎಲ್ಲರಿಗೂ ತಿಳಿದಿತ್ತು. ಅವಳು ಔಷಧ ಕೇಳಲಿಲ್ಲ, ಗುರುಗಳನ್ನು ಕೇಳಲಿಲ್ಲ. ಗುರುಗಳು ಎಲ್ಲಿದ್ದಾರೆ, ಅವರನ್ನು ಅಲ್ಲಿಗೆ ಕಳಿಸಿದವರು ಮಗನ ಕಡೆಯವರೇ ಎಂಬುದು ಅವಳಿಗೆ ಗೊತ್ತಿತ್ತು. ಸಾಯುವವರಿಗೆ ಗಂಟೆ ಕೇಳಿಸುವ ಪದ್ಧತಿಯನ್ನು ಮೊದಲೇ ಹೇಳಿದ್ದೇನೆ. ಅವಳು ಮಗನ ಕೊರಳಿಗೆ ಕೈ ಹಾಕಿ ಬೀಗದ ಕೈಯನ್ನು ಹಿಡಿದುಕೊಂಡಳು. “ಮಗಾ, ನನ್ನನ್ನು ನಾಯಿಯ ಹಾಗೆ ಸದ್ದಿಲ್ಲದೆ ಕಳಿಸಬೇಡ,” ಎಂದಳು. ಅಷ್ಟೇ ಮಾತು.

ನಡುಮಧ್ಯಾಹ್ನ ಊರಿನವರೆಲ್ಲ ಹೊಲದಲ್ಲಿದ್ದರು. ಸಂಘದ ಅಧ್ಯಕ್ಷ ಒಂದು ಚೀಲ ಉಪ್ಪನ್ನು ತಾನೇ ಹೆಗಲ ಮೇಲೆ ಹೊತ್ತು, ಎಲ್ಲರ ಕಣ್ಣೆದುರಿಗೇ ಗುಡ್ಡ ಹತ್ತಿದ. ದ್ರಾನೆ ಹಿಂಡಿನ ಪಕ್ಕದಲ್ಲಿ ನೂಲುತ್ತ ಕೂತಿದ್ದಳು. ಅವನು ಚೀಲವನ್ನು ಇಳಿಸಿ, ಅವಳ ಮುಖ ನೋಡದೆ ಹೇಳಿದ.

“ಕುರಿಗಳಿಗೆ ಉಪ್ಪು ಬೇಕಾಗಿದೆ.”

“ಹೌದು. ಎಷ್ಟು ಹಾಕಲಿ?”

“ಎಲ್ಲ.”

ದ್ರಾನೆ ಎದ್ದು ಚೀಲದ ಬಾಯಿ ಬಿಚ್ಚಿದಳು. ಅವನಿಗೆ ಬಯ್ಯಲು ಅವಳ ಬಳಿ ಬೇಕಾದಷ್ಟು ಮಾತಿದ್ದವು. ಒಂದನ್ನೂ ಆಡಲಿಲ್ಲ. “ಕೂಗುವುದನ್ನು ನೀನೇ ಕೂಗು, ಹೋಗುತ್ತಿರುವವಳು ನಿನ್ನ ತಾಯಿ,” ಎಂದಳು. ಪ್ಯೆತರ್ ಕೂಗಿದ. ಅವನೂ ಕುರಿಗಾಹಿಯ ಮಗನೇ, ಕೂಗು ಮರೆತಿರಲಿಲ್ಲ. ತಿಂಗಳುಗಟ್ಟಲೆ ಉಪ್ಪಿಗೆ ಓಡದಿದ್ದ ಹಿಂಡು ಗುಡ್ಡದ ನಾಲ್ಕೂ ಕಡೆಯಿಂದ ನುಗ್ಗಿತು. ಅಂಥ ಸದ್ದನ್ನು ಊರು ಮೊದಲೂ ಕೇಳಿರಲಿಲ್ಲ, ಆಮೇಲೂ ಕೇಳಿಲ್ಲ ಎನ್ನುತ್ತಾರೆ. ಹೊಲದಲ್ಲಿ ಬಿಳಿ ಟೋಪಿಗಳೆಲ್ಲ ಇಳಿದವು. ಗುಡ್ಡದ ಮೇಲೆಯೂ ಒಂದು ಟೋಪಿ ಇಳಿಯಿತು.

ಆ ದಿನದಿಂದ ಉಪ್ಪಿಗೆ ಬೀಗ ಬೀಳಲಿಲ್ಲ, ಭಾನುವಾರ ಮತ್ತೆ ಭಾನುವಾರಕ್ಕೇ ಬಂತು. ಪ್ಯೆತರನನ್ನು ಜಿಲ್ಲೆಯವರು ಹುದ್ದೆಯಿಂದ ಇಳಿಸಿ ದೂರದ ಕಾರ್ಖಾನೆಗೆ ಹಾಕಿದರು ಎಂದು ಮ್ರೀಕಜ್ಜಿ ಹೇಳುತ್ತಾರೆ. ಇಲ್ಲ, ಅವನಾಗಿಯೇ ಬಿಟ್ಟು ಹೋದ ಎಂದು ಬೇರೆಯವರು ಹೇಳುತ್ತಾರೆ. ಅವನ ನಂತರ ಬಂದ ಅಧ್ಯಕ್ಷರು ಬಯಲುಸೀಮೆಯವರು. ಅವರಿಗೆ ಇದು ಕುರಿಗೆ ಉಪ್ಪು ಹಾಕುವ ಕ್ರಮವಾಗಿ ಮಾತ್ರ ಕಂಡಿತು. ಬಹಳ ದಿನಗಳ ಮೇಲೆ, ಗಣಿಯಿಂದ ಬಿಡುಗಡೆಯಾದ ಒಬ್ಬ ಕೈದಿ ಊರಿನ ಮೇಲೆ ಹಾದುಹೋಗುತ್ತ ದ್ರಾನೆಯ ಮನೆ ಕೇಳಿಕೊಂಡು ಬಂದ. ಗಾಳಿ ಈ ಕಡೆಯಿಂದ ಬೀಸುವ ಬೆಳಿಗ್ಗೆಗಳಲ್ಲಿ ನದಿಯ ಆಚೆಗೂ ಆ ದನಿ ಬರುತ್ತಿತ್ತಂತೆ. ಮೊದಲ ಸಲ ಕೇಳಿದಾಗ ಡೋಮ್ ಪ್ರೆಂಗ್ ಅದಿರಿನ ಗಾಡಿ ತಳ್ಳುವುದನ್ನು ನಿಲ್ಲಿಸಿ, ಕಾವಲುಗಾರನಿಂದ ಒಂದು ಏಟು ತಿಂದು, ನಕ್ಕರಂತೆ. “ನಮ್ಮಕ್ಕ ಉಪ್ಪು ಹಾಕಿ ಗಂಟೆ ಬಾರಿಸುತ್ತಿದ್ದಾಳೆ,” ಎಂದು ಪಕ್ಕದವರಿಗೆ ಹೇಳಿದರಂತೆ. ಗಣಿಯ ಕೈದಿಗಳು ಅಂದಿನಿಂದ ಈ ಗುಡ್ಡವನ್ನು ಉಪ್ಪಿನ ಗಂಟೆಯ ಗುಡ್ಡ ಎಂದು ಕರೆದರು. ಹೆಸರು ಹುಟ್ಟಿದ್ದು ಹೀಗೆ, ನದಿಯ ಆ ದಡದಲ್ಲಿ, ಗುಡ್ಡವನ್ನು ಕಣ್ಣಿಂದ ಕಾಣಲಾಗದವರ ಬಾಯಲ್ಲಿ. ಬಿಡುಗಡೆಯಾದವರೇ ಅದನ್ನು ಈ ದಡಕ್ಕೆ ತಂದರು. ಡೋಮ್ ಪ್ರೆಂಗ್ ಮಾತ್ರ ಬರಲಿಲ್ಲ. ಅವರು ಗಣಿಯಲ್ಲಿಯೇ ತೀರಿಕೊಂಡರು. ಎಲ್ಲಿ ಹೂಳಿದರು ಎಂಬುದು ಇವತ್ತಿಗೂ ತಿಳಿದಿಲ್ಲ.

ಕೊನೆಗೆ ಆ ಆಡಳಿತ ಬಿತ್ತು. ಊರಿನವರು ಕೊಟ್ಟಿಗೆಯ ಗೋಡೆಯನ್ನು ಬಿಚ್ಚಿ, ಅದೇ ಕಲ್ಲುಗಳನ್ನು ಹೊತ್ತು ತಂದು ಚರ್ಚನ್ನು ಮತ್ತೆ ಕಟ್ಟಿದರು. ಹೊರದೇಶದ ಒಂದು ಚರ್ಚಿನವರು ಹೊಸ ಗಂಟೆಯನ್ನು ಉಡುಗೊರೆಯಾಗಿ ಕಳಿಸುತ್ತೇವೆಂದು ಬಂದರು. ಗೋಪುರವೂ ಏರಿತು, ಕೊಕ್ಕೆಯೂ ಬಂತು. ಆಗ ದ್ರಾನೆಗೆ ಕಣ್ಣು ಕಾಣುತ್ತಿರಲಿಲ್ಲ, ಕಿವಿ ಚೆನ್ನಾಗಿತ್ತು. ಇನ್ನು ಮೇಲೆ ಕುರಿಗಳ ಕೆಲಸ ಕುರಿಗಳಿಗೆ, ಗಂಟೆಯ ಕೆಲಸ ಗಂಟೆಗೆ ಎಂದು ಹೊಸ ಗುರುಗಳು ಅವಳಿಗೆ ಮೃದುವಾಗಿ ತಿಳಿಸಿದರು.

“ಪ್ರೆಂಗ್ ಬಂದನೇ?” ಎಂದು ಕೇಳಿದಳು ದ್ರಾನೆ.

“ಇಲ್ಲಮ್ಮ. ಅವರು ತೀರಿಕೊಂಡರಲ್ಲ.”

“ತೀರಿಕೊಂಡದ್ದು ನನಗೂ ಗೊತ್ತು ಫಾದರ್. ಬಂದನೇ ಎಂದು ಕೇಳಿದೆ. ಅವನು ಬರುವವರೆಗೆ ನಿಲ್ಲಿಸುವುದಿಲ್ಲ ಎಂದು ಮಾತು. ಅವನನ್ನು ಕರೆದುಕೊಂಡು ಹೋದವರು ತಂದು ಒಪ್ಪಿಸಲಿ, ಆಮೇಲೆ ನಿಲ್ಲಿಸುತ್ತೇನೆ.”

ಹೊಸ ಗಂಟೆ ಕಣಿವೆಯ ಕೆಳಗಿನ ಇನ್ನೊಂದು ಊರಿಗೆ ಹೋಯಿತು. ಬಲಿಪೀಠದ ಕಲ್ಲನ್ನು ಒಳಗೆ ತರುವ ಮಾತೂ ಬಂತು. ಅದನ್ನೂ ಊರಿನವರು ಒಪ್ಪಲಿಲ್ಲ. ಕೆಡವಿದವರು ಎಸೆದಲ್ಲಿಯೇ ಇರಲಿ, ಯಾರು ಎಸೆದರು, ಅದು ಎಲ್ಲಿ ನಿಂತಿತು ಎಂಬುದನ್ನು ಬಂದವರು ನೋಡಲಿ ಎಂದರು. ಒಳಗೆ ಈಗಿರುವುದು ಮರದ ಬಲಿಪೀಠ. ದ್ರಾನೆ ಸಾಯುವ ಹೊತ್ತಿನಲ್ಲಿ ಚೀಲದ ಉಪ್ಪು ಮುಗಿಯುವವರೆಗೂ ಕುರಿಗಳನ್ನು ಕರೆದರು ಎನ್ನುತ್ತಾರೆ.

ಈಗ ಉಪ್ಪು ಹಾಕುವವರು ಮ್ರೀಕಜ್ಜಿ. ಭಾನುವಾರ ಬೆಳಿಗ್ಗೆ ಹೋದವರು ಖಾಲಿ ಗೋಪುರವನ್ನು ನೋಡಬಹುದು, ಓರೆಯಾಗಿ ಬಿದ್ದ ಆ ಕಲ್ಲನ್ನು ನೋಡಬಹುದು. ಅದರ ತಗ್ಗುಗಳು ಉಳಿಯಿಂದ ಕೊರೆದವಲ್ಲ, ಇಷ್ಟು ವರ್ಷಗಳ ಕುರಿಗಳ ನಾಲಿಗೆಯಿಂದ ಆದವು. ಬಂದವರು ಬೆರಳನ್ನು ತಗ್ಗಿನಲ್ಲಿ ಒತ್ತಿ ನಾಲಿಗೆಗೆ ಇಟ್ಟುಕೊಳ್ಳುತ್ತಾರೆ. ಮಳೆ ಬಿದ್ದ ಮರುದಿನವೂ ಅದು ಉಪ್ಪುಪ್ಪಾಗಿಯೇ ಇರುತ್ತದೆ, ನಾನು ನೋಡಿದ್ದೇನೆ. ಆಮೇಲೆ ಮ್ರೀಕಜ್ಜಿ ಸೆರಗಿನಂಥ ತಮ್ಮ ಕಪ್ಪು ಮೇಲುವಸ್ತ್ರದಿಂದ ಹರಳುಪ್ಪು ತೆಗೆದು ಕಲ್ಲಿನ ಮೇಲೆ ಹರಡುತ್ತಾರೆ. ಕೂಗುವ ಮೊದಲು ಒಮ್ಮೆ ನದಿಯ ಆಚೆಗೆ, ಮುಚ್ಚಿಹೋದ ಗಣಿಯ ಕಡೆಗೆ ತಿರುಗಿ, ದಾರಿಯಲ್ಲಿ ಯಾರಾದರೂ ಬರುತ್ತಿದ್ದಾರೆಯೇ ಎಂದು ಕಣ್ಣಿಗೆ ಕೈ ಅಡ್ಡ ಹಿಡಿದು ನೋಡುತ್ತಾರೆ. ಯಾರೂ ಇರುವುದಿಲ್ಲ. “ಇನ್ನೂ ಬಂದಿಲ್ಲ,” ಎಂದು ಗಟ್ಟಿಯಾಗಿ ಹೇಳಿ, ಕುರಿಗಳನ್ನು ಕೂಗುತ್ತಾರೆ.